ಡಬ್ಬಿಯಲ್ಲಿ ಬಾರದ ಊಟ

ಭಾರತೀಯರು ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅಂತ ಹೇಳುವ ಸರ್ಕಾರಿ ಪುಸ್ತಕ ತಯಾರಾಗುವುದು ಹೈದರಾಬಾದಿನಲ್ಲೇ. ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 1918ರಲ್ಲಿ ಕೂನೂರಿನಲ್ಲಿ ಹುಟ್ಟಿ, 1958ರಲ್ಲಿ ಈ ಊರಿಗೆ ಬಂತು. ನಮ್ಮ ಹಾಗೆ ಅದೂ ಹೊರಗಿನಿಂದ ಬಂದದ್ದೇ. ಅದರ ಆಹಾರ ಮಾರ್ಗಸೂಚಿ ಮೊದಲು ಬಂದದ್ದು 1998ರಲ್ಲಿ. 2011ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಪರಿಷ್ಕಾರಗೊಂಡಿತು. ಈಚಿನದನ್ನು ನಾನು ಓದಿದ್ದು ನಾಂಪಲ್ಲಿಯ ಬಾಡಿಗೆ ರೂಮಿನಲ್ಲಿ, ಒಂದೇ ಒಲೆ, ಒಂದೇ ಕುಕ್ಕರಿನ ಪಕ್ಕ ಕೂತು. ಅಲ್ಲಿ ಕೂತು ಓದಿದರೆ ಅದರ ಗುಣವೂ ಕಾಣುತ್ತದೆ, ಕೊರತೆಯೂ ಕಾಣುತ್ತದೆ.

ಗುಣ ಮೊದಲು. ಪುಸ್ತಕದಲ್ಲಿ 17 ಸೂಚನೆಗಳಿವೆ. 2000 ಕ್ಯಾಲೊರಿಯ ದಿನದ ತಟ್ಟೆಗೆ ಧಾನ್ಯ 250 ಗ್ರಾಂ, ಬೇಳೆಕಾಳು ಇಲ್ಲವೇ ಮೊಟ್ಟೆ-ಮಾಂಸ 85 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿ, ಶೇಂಗಾದಂಥ ಬೀಜಗಳು 35 ಗ್ರಾಂ, ಎಣ್ಣೆ 27 ಗ್ರಾಂ ಎಂದು ಅದು ಲೆಕ್ಕ ಕೊಡುತ್ತದೆ. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು. ಕಲಬುರಗಿ, ರಾಯಚೂರು ಕಡೆಯವರಿಗೆ ಇದೇನು ಹೊಸದಲ್ಲ. ಜೋಳದ ರೊಟ್ಟಿ, ಬ್ಯಾಳಿ, ಪುಂಡಿ ಪಲ್ಯ, ಪಕ್ಕಕ್ಕೆ ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು, ಒಂದು ಚಮಚ ಶೇಂಗಾ ಹಿಂಡಿ, ಮೇಲೆ ಮೊಸರು. ಹಣ್ಣೊಂದು ಬಿಟ್ಟರೆ ನಮ್ಮ ಮನೆಯ ಗಂಗಾಳವೇ ಅದು. ಯಾರೂ ತಕ್ಕಡಿ ಹಿಡಿದಿರಲಿಲ್ಲ, ಅಷ್ಟೇ.

ಆದರೆ ಊರು ಬಿಟ್ಟವರಿಗೆ ಆ ಗಂಗಾಳ ಬರುವುದಿಲ್ಲ, ಡಬ್ಬಿ ಬರುತ್ತದೆ. ಸೊಲ್ಲಾಪುರ, ಕಲಬುರಗಿ, ವಾಡಿ ದಾಟಿ ನಾಂಪಲ್ಲಿಗೆ ಬಂದು ನಿಲ್ಲುವ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ಸಿನಿಂದ ಇಳಿಯುವ ಚೀಲಗಳಲ್ಲಿ ಏನಿರುತ್ತದೆ ನೋಡಿ: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಸಂಡಿಗೆ, ಉಪ್ಪಿನಕಾಯಿ. ಎಲ್ಲವೂ ಕೆಡದೆ ಉಳಿಯುವಂಥವು. ಒಣಗಿಸಿದ್ದರಿಂದ, ಉಪ್ಪು-ಎಣ್ಣೆ ಹಾಕಿದ್ದರಿಂದ ಉಳಿದವು. ರೊಟ್ಟಿ, ಹಿಂಡಿಗಳ ಮೇಲೆ ನನ್ನ ತಕರಾರಿಲ್ಲ. ಹಿಂಡಿ ಆ 35 ಗ್ರಾಮಿನ ಲೆಕ್ಕಕ್ಕೇ ಸೇರುತ್ತದೆ. ಆದರೆ ಬಿಸಿ ಅನ್ನಕ್ಕೆ ದಿನವೂ ಉಪ್ಪಿನಕಾಯಿ ಕಲಸಿಕೊಂಡು ಊರನ್ನು ನೆನೆಯುವವರು ತಿನ್ನುತ್ತಿರುವುದು ಊರಿನ ಊಟ ಅಲ್ಲ, ಪ್ರಯಾಣದ ಬುತ್ತಿ. ಮನೆಯಲ್ಲಿ ಉಪ್ಪಿನಕಾಯಿ ಗಂಗಾಳದ ಅಂಚಿನಲ್ಲಿತ್ತು. ಇಲ್ಲಿ ನಡುವಿಗೆ ಬಂದಿದೆ. ಡಬ್ಬಿಯಲ್ಲಿ ಬರಲಾರದ್ದು ಆ 400 ಗ್ರಾಂ ತರಕಾರಿ. ದೇಶದ ರೋಗಭಾರದಲ್ಲಿ ಶೇ. 56.4ರಷ್ಟು ಸರಿಯಿಲ್ಲದ ಆಹಾರದಿಂದ ಎಂದು ಈ ಪುಸ್ತಕದ ಅಂದಾಜು. ಅದನ್ನು ಓದಿದ ಮೇಲೆ ಡಬ್ಬಿಯ ಮುಚ್ಚಳ ತೆಗೆಯುವಾಗ ಕೈ ಸ್ವಲ್ಪ ತಡೆಯುತ್ತದೆ.

ಇಲ್ಲಿ ನಮ್ಮ ಪರವೂರಿನ ಬರಹಗಳ ಬಗ್ಗೆಯೂ ಒಂದು ಮಾತು. 'ಅಮ್ಮನ ಕೈರುಚಿ' ಎಂಬ ಮಾತನ್ನು ನಾವು ಉದಾರವಾಗಿ ಬಳಸುತ್ತೇವೆ. ಕೈಯನ್ನು ಹೊಗಳುತ್ತೇವೆ, ಆ ಕೈ ಏನು ಮಾಡುತ್ತಿತ್ತು ಅಂತ ಬರೆಯುವುದಿಲ್ಲ. ಸೊಪ್ಪು ಸೋಸಿದ್ದು, ಎಸರಿಟ್ಟು ಹಿಟ್ಟು ನಾದಿದ್ದು, ಬೆಂಕಿಯ ಮುಂದೆ ಕೂತು ರೊಟ್ಟಿ ಬಡಿದದ್ದು ಯಾವುದೂ ಬರಹಕ್ಕೆ ಬರುವುದಿಲ್ಲ. ರುಚಿ ಅಂದರೆ ಕೈಯಿಂದ ತಾನಾಗಿ ಇಳಿಯುವ ವಸ್ತು ಅನ್ನುವ ಹಾಗೆ! ಹೀಗೆ ಹೊಗಳುವುದರಿಂದ ಕಲಿಯುವ ಜವಾಬ್ದಾರಿಯೂ ತಪ್ಪುತ್ತದೆ, ಮುಖ್ಯವಾಗಿ ಗಂಡಸರಿಗೆ.

ಮಾರ್ಗಸೂಚಿಯ ಕೊರತೆಯೂ ಇದೇ ಜಾಗದಲ್ಲಿದೆ. ಅದರ ತಟ್ಟೆಯ ಪಟ್ಟಿಯಲ್ಲಿ ಗ್ರಾಂ ಇದೆ, ನಿಮಿಷ ಇಲ್ಲ. ಮಣ್ಣಿನ ಪಾತ್ರೆ ಒಳ್ಳೆಯದು ಅನ್ನುತ್ತದೆ; ವರ್ಷಕ್ಕೊಮ್ಮೆ ರೂಮು ಬದಲಿಸುವವನು ಮಡಕೆಯನ್ನು ಎಲ್ಲಿಗೆ ಹೊರಬೇಕು? ಆರೋಗ್ಯದ ಮಾತು ಪುಸ್ತಕದಲ್ಲಿ ತುಂಬ ಇದೆ, ದಣಿದು ಬಂದವನಿಗೆ ಬೇಕಾದ ಸಮಾಧಾನದ ಮಾತು ಕಡಿಮೆ. ದಿನವೂ ಆಗದ ಅಡುಗೆ ಎಷ್ಟು ಪೌಷ್ಟಿಕವಾಗಿದ್ದರೇನು?

ಹಾಗಂತ ನಾಂಪಲ್ಲಿಯಲ್ಲಿ ಇದು ಆಗದ ಕೆಲಸವಲ್ಲ. ನಮ್ಮ ಪುಂಡಿಯೇ ಇಲ್ಲಿನ ಗೋಂಗೂರ. ಹೆಸರು ಬದಲಾಯಿತು, ಹುಳಿ ಅದೇ. ತೊಗರಿ ಬ್ಯಾಳಿಯನ್ನು ಮೊದಲು ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿಕೊಳ್ಳಬೇಕು. ಹುಳಿ ಸೊಪ್ಪಿನ ಜೊತೆಗೇ ಇಟ್ಟರೆ ಬ್ಯಾಳಿ ಬೇಗ ಬೇಯುವುದಿಲ್ಲ. ಆಮೇಲೆ ಪುಂಡಿ, ಹಸಿಮೆಣಸಿನಕಾಯಿ, ಒಂದು ಹಿಡಿ ಜೋಳದ ನುಚ್ಚು ಹಾಕಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಎರಡು ಹೊತ್ತಿಗೆ ಆಯಿತು. ಸೊಪ್ಪಿನ ಹುಳಿ ಇರುವುದರಿಂದ ಉಪ್ಪು ಕಡಿಮೆಯಾದರೂ ಬಾಯಿಗೆ ಸಪ್ಪೆ ಅನ್ನಿಸುವುದಿಲ್ಲ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಬಿಸಿನೀರು ಹಾಕಿ ಚೆನ್ನಾಗಿ ನಾದದಿದ್ದರೆ ರೊಟ್ಟಿ ಹರಿಯುತ್ತದೆ. ಕೈ ಪಳಗಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಸಂಜೆ ರಸ್ತೆಬದಿಯಲ್ಲಿ ಜೊನ್ನ ರೊಟ್ಟೆ ತಟ್ಟಿ ಮಾರುವ ಹೆಂಗಸರಿದ್ದಾರೆ. ಅವರಿಂದ ಎರಡು ಬಿಸಿ ರೊಟ್ಟಿ ತಂದರೆ ಅದೂ ಮನೆಯೂಟವೇ. ಅವರೂ ಯಾವುದೋ ಊರಿನಿಂದ ಬಂದು ಕೈಕಸುಬನ್ನೇ ನಂಬಿದವರಿರಬಹುದು.

ಮಾರ್ಗಸೂಚಿಯನ್ನು ಓದಿ, ಅದು ಓದಲೇಬೇಕಾದ ಪುಸ್ತಕ. ಊರಿನಿಂದ ಡಬ್ಬಿಯೂ ಬರಲಿ, ಬೇಡ ಅಂದರೆ ಕಳಿಸಿದವರು ನೊಂದುಕೊಳ್ಳುತ್ತಾರೆ. ಆದರೆ ಮುಂದಿನ ಸಲ ಫೋನ್ ಮಾಡಿದಾಗ 'ಉಪ್ಪಿನಕಾಯಿ ಮುಗೀತು' ಅನ್ನುವ ಬದಲು 'ಪುಂಡಿ ಪಲ್ಯಕ್ಕೆ ನುಚ್ಚು ಎಷ್ಟು ಹಾಕ್ತೀಯವ್ವ?' ಅಂತ ಕೇಳಿ.