ಸಂಜೆಬಿಸಿಲಿಗೆ ಸೈನೈಡ್ ಗುಡ್ಡ

ಸೂರ್ಯಾಸ್ತದ ಫೋಟೊ ಎಂದೊಡನೆ ನಮಗೆ ಮಲ್ಪೆ, ಗೋಕರ್ಣ ನೆನಪಾಗುತ್ತವೆ. ಕೋಲಾರ ಜಿಲ್ಲೆಗೆ ಕಡಲಿಲ್ಲ. ಆದರೆ ಅಲ್ಲಿನ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ಉರಿಗಾಂನಲ್ಲಿ ಮನೆ ಇರುವವರು ಅದಕ್ಕೆ ಕೊರಗಬೇಕಿಲ್ಲ. ಇಳಿಬಿಸಿಲಿನ ಹೊತ್ತಿಗೆ ಕ್ಯಾಮೆರಾ ಹಿಡಿದು ಹೊರಬಂದರೆ ಸೈನೈಡ್ ಗುಡ್ಡಗಳಿವೆ.

ಇವು ದೇವರು ಇಟ್ಟ ಬೆಟ್ಟಗಳಲ್ಲ. ಗಣಿಯಿಂದ ತಂದ ಕಲ್ಲನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಮರಳಿನ ರಾಶಿಗಳು. ಒಟ್ಟು ಮೂರು ಕೋಟಿ ಟನ್ನಿಗೂ ಹೆಚ್ಚು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಎಂದೂ ಬಿಸಿಲು ಕಾಣದಿದ್ದ ಆ ಕಲ್ಲೇ ಪುಡಿಯಾಗಿ ಇಲ್ಲಿ ಬಯಲಿಗೆ ಬಿದ್ದಿದೆ.

2018ರ ‘ಕೆಜಿಎಫ್’ ಸಿನಿಮಾದಲ್ಲಿ ಈ ನೆಲ ಕಪ್ಪಗೆ, ಮಸಿ ಹಿಡಿದಂತೆ ಕಂಡಿತು. ನಿಜವಾದ ಬಣ್ಣ ಬೇರೆ. ನಡುಮಧ್ಯಾಹ್ನ ಗುಡ್ಡ ಬಿಳಿಚಿಕೊಂಡು ಚಪ್ಪಟೆಯಾಗಿರುತ್ತದೆ, ಕಣ್ಣಿಗೆ ಹಿಡಿತವೇ ಸಿಗುವುದಿಲ್ಲ. ಬಿಸಿಲು ಓರೆಯಾಗುತ್ತಿದ್ದಂತೆ ಮೈ ಮೂಡತೊಡಗುತ್ತದೆ. ವರ್ಷಾನುಗಟ್ಟಲೆ ಮಳೆನೀರು ಕೊರೆದ ಕೊರಕಲುಗಳು ಸೀರೆಯ ನೆರಿಗೆಗಳಂತೆ ಮೇಲಿನಿಂದ ಬುಡದವರೆಗೆ ಇಳಿದಿವೆ. ನೆರಳು ಮೊದಲು ಬುಡದಲ್ಲಿ ನಿಲ್ಲುತ್ತದೆ, ಆಮೇಲೆ ಒಂದೊಂದೇ ಕೊರಕಲನ್ನು ತುಂಬುತ್ತಾ ಮೇಲೇರುತ್ತದೆ. ಏಣುಗಳ ಮೇಲೆ ಮಾತ್ರ ಬೆಳಕು ಉಳಿಯುತ್ತದೆ: ಮೊದಲು ಕೆನೆಬಣ್ಣ, ಆಮೇಲೆ ಜೇನುಬಣ್ಣ, ಕೊನೆಗೆ ಇಟ್ಟಿಗೆಗೆಂಪು. ಕೊರಕಲೊಳಗಿನ ನೆರಳು ಅದೇ ಹೊತ್ತಿಗೆ ನೀಲಿಗೆ ತಿರುಗುತ್ತದೆ. ಆ ಕೆಂಪೂ ನೀಲಿಯೂ ಪಕ್ಕಪಕ್ಕದಲ್ಲಿ ನಿಲ್ಲುವ ಕೆಲವೇ ನಿಮಿಷಗಳಿಗಾಗಿ ಎಷ್ಟು ಹೊತ್ತು ಕಾದರೂ ನಷ್ಟವಿಲ್ಲ.

ಅದನ್ನು ಹಿಡಿಯಬೇಕಾದರೆ ಸೂರ್ಯನ ಕಡೆ ಕ್ಯಾಮೆರಾ ತಿರುಗಿಸಬೇಡಿ. ಅವನನ್ನು ಒಂದು ಹೆಗಲ ಪಕ್ಕಕ್ಕೆ ಬಿಟ್ಟುಕೊಂಡು ಗುಡ್ಡವನ್ನು ನೋಡಿ. ಬೆಳ್ಳಗಿನ ಮರಳನ್ನು ಕಂಡ ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದು ಚಿತ್ರವನ್ನು ಮಬ್ಬಾಗಿಸುತ್ತದೆ. ಎಕ್ಸ್‌ಪೋಷರನ್ನು ತುಸು ಏರಿಸಬೇಕು. ವೈಟ್ ಬ್ಯಾಲೆನ್ಸ್ ‘ಆಟೊ’ದಲ್ಲಿದ್ದರೆ ಸಂಜೆಯ ಕೆಂಪನ್ನು ಅದು ತೊಳೆದುಬಿಡುವುದುಂಟು; ‘ಡೇಲೈಟ್’ಗೆ ಇಡಿ. ಮಳೆ ಬಂದು ಬಿಟ್ಟ ಸಂಜೆ ಸಿಕ್ಕಿದರೆ ಇನ್ನೂ ಒಳ್ಳೆಯದು: ದೂಳು ಅಡಗಿ, ಕೊರಕಲುಗಳ ಅಂಚು ಚೂಪಾಗಿ ಕಾಣುತ್ತದೆ.

ಬರೀ ಗುಡ್ಡವನ್ನೇ ತೆಗೆದರೆ ಅದು ಯಾವ ಮರುಭೂಮಿಯೂ ಆದೀತು. ಚೌಕಟ್ಟಿನ ಒಂದು ಮೂಲೆಯಲ್ಲಿ ಕಾರ್ಮಿಕರ ಲೈನ್ ಮನೆಗಳ ಸೂರು ಬರಲಿ, ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲು ಬರಲಿ. ಆಗ ಗುಡ್ಡದ ಎತ್ತರವೂ ತಿಳಿಯುತ್ತದೆ, ಅದನ್ನು ಪೇರಿಸಿದ ದುಡಿಮೆಯ ಅಳತೆಯೂ ತಿಳಿಯುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಶುರುಮಾಡಿದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಚಿನ್ನ ಎಲ್ಲೆಲ್ಲಿಗೋ ಹೋಯಿತು. ಅದನ್ನು ತೆಗೆದವರ ಕೆಲಸದ ಗುರುತಾಗಿ ಊರಿನಲ್ಲಿ ಉಳಿದದ್ದು ಈ ಮರಳು.

ಗುಡ್ಡ ಹತ್ತಬೇಡಿ. ಮರಳು ಸಡಿಲ, ದೂಳು ಶ್ವಾಸಕ್ಕೆ ಕೆಡುಕು. ರಸ್ತೆಯಲ್ಲೇ ನಿಂತು ತೆಗೆಯಿರಿ, ಅಲ್ಲಿಂದಲೇ ಅದು ಚೆಂದ.