ಶಜರಾದಲ್ಲಿ ಇಲ್ಲದ ಹೊಲ

ನಮ್ಮ ಕಡೆ ಮನೆತನದ ಚರಿತ್ರೆ ಬರೆಯೋದಕ್ಕೆ ಒಂದು ಅಚ್ಚು ಇದೆ. ಮೊದಲ ಪುಟದಲ್ಲೇ ಶಜರಾ. ಅರಬಸ್ತಾನದಿಂದಲೋ ಬಗದಾದಿನಿಂದಲೋ ಹೊರಟ ಒಬ್ಬ ಬುಜುರ್ಗ್, ಅವರ ಮಗ, ಮೊಮ್ಮಗ, ಕೊನೆಗೆ ವಿಜಾಪುರಕ್ಕೆ ಬಂದಿಳಿದವರು. ಆಮೇಲೆ ಆದಿಲ್‌ಶಾಹಿ ಕಾಲದ ಒಂದು ಸನದು, ಒಂದು ಇನಾಮು. ಅಲ್ಲಿಂದ ಒಂದೇ ನೆಗೆತಕ್ಕೆ ಹಜ್ ಮಾಡಿ ಬಂದ ಅಜ್ಜ, ಡಾಕ್ಟರಾದ ಮೊಮ್ಮಗ. ನಡುವಿನ ಮುನ್ನೂರು ವರ್ಷ ಈ ಮನೆಯವರು ಏನು ಬಿತ್ತಿದರು, ಏನು ಉಂಡರು ಅಂತ ಹುಡುಕಿದರೆ ಒಂದು ಸಾಲೂ ಸಿಗೋದಿಲ್ಲ. ಉರ್ದುವಿನಲ್ಲಿರಲಿ ಕನ್ನಡದಲ್ಲಿರಲಿ, ನಾನು ಓದಿದ ಇಂಥ ಪುಸ್ತಕಗಳು ಹೆಚ್ಚುಕಡಿಮೆ ಹೀಗೇ ಇವೆ.

ಆದರೆ ವಿಜಯಪುರ, ಬಾಗಲಕೋಟೆ ಅಂದರೆ ಎರೆಹೊಲದ ಸೀಮೆ. ಹಿಂಗಾರಿ ಜೋಳ, ಕಡಲೆ, ಕುಸುಬಿ, ಹತ್ತಿ. ಡೋಣಿ ತುಂಬಿ ಹರಿದ ವರ್ಷ ಓಣಿಗೆಲ್ಲ ಜೋಳ ಅನ್ನೋ ಮಾತು ಹುಟ್ಟಿದ್ದು ಇಲ್ಲೇ. ನಮ್ಮವರ ಅಡ್ಡಹೆಸರುಗಳನ್ನೇ ನೋಡಿ. ಬಾಗವಾನ ಅಂದರೆ ತೋಟದವರು, ನದಾಫ ಅಂದರೆ ಹತ್ತಿ ಹಿಂಜೋರು, ತಾಂಬೋಳಿ ಅಂದರೆ ಎಲೆ ಮಾರೋರು. ಪಾಟೀಲ, ದೇಸಾಯಿ, ಇನಾಮದಾರ ಅನ್ನೋರು ಹಿಂದೂಗಳಲ್ಲೂ ಇದ್ದಾರೆ, ಮುಸಲ್ಮಾನರಲ್ಲೂ ಇದ್ದಾರೆ. ಹೆಸರಿನ ಬೆನ್ನಿಗೇ ತೋಟ, ಹತ್ತಿ, ಊರಗೌಡಿಕೆ ಅಂಟಿಕೊಂಡಿರುವಾಗ ಬರೆಯೋರು ಅದನ್ನು ಬಿಟ್ಟು ಬಗದಾದಿನ ದಾರಿ ಹಿಡೀತಾರೆ. ಹಿಂಜೋರ ಮೊಮ್ಮಗ ಅನ್ನೋದಕ್ಕಿಂತ ಸಯ್ಯದರ ಮೊಮ್ಮಗ ಅನ್ನೋದು ಮದುವೆ ಮಾತುಕತೆಯಲ್ಲಿ ಹೆಚ್ಚು ತೂಗುತ್ತಲ್ಲ!

ಬ್ರಿಟಿಷರ ಕಾಲದ ಬರವಣಿಗೆಯಲ್ಲಿ ದೋಷ ಬೇರೆ ಥರದ್ದು. 1884ರಲ್ಲಿ ಬಂದ ಮುಂಬಯಿ ಪ್ರಾಂತದ ಗೆಜೆಟಿಯರಿನ ವಿಜಾಪುರ ಸಂಪುಟದಲ್ಲಿ ನಮ್ಮ ಒಂದೊಂದು ಕಸುಬಿನವರ ಬಗ್ಗೆಯೂ ಇದೆ. ಏನು ಮಾಡ್ತಾರೆ, ಏನು ಉಡ್ತಾರೆ, ಮನೆಯಲ್ಲಿ ಯಾವ ಮಾತು ಆಡ್ತಾರೆ. ಕೊನೆಗೆ ಗುಣದ ಒಂದು ಸರ್ಟಿಫಿಕೇಟು. ಶಾಲೆಯ ಪ್ರಗತಿಪತ್ರದ ಹಾಗೆ! ಕೆಲಸ, ಬಟ್ಟೆ, ಊಟ ಎಲ್ಲ ಇದೆ, ಆದರೆ ಒಬ್ಬ ಮನುಷ್ಯನ ಹೆಸರಿಲ್ಲ. ಆದರೂ 1876–78ರ ದೊಡ್ಡ ಬರದ ನೆನಪು ಆ ಸಂಪುಟದಲ್ಲಿ ಹಸಿಯಾಗಿದೆ. ನಮ್ಮ ಖಾಂದಾನಿ ಪುಸ್ತಕಗಳಲ್ಲಿ ಆ ಬರ ಬಂದೇ ಇಲ್ಲ. ಜನ ಗುಳೆ ಹೋದ, ಸತ್ತ ಸೀಮೆಯಲ್ಲಿ ನಿಮ್ಮ ಮನೆತನ ಹೇಗೆ ಉಳೀತು ಅಂತ ಕೇಳಿದರೆ ಶಜರಾದಲ್ಲಿ ಉತ್ತರ ಇರೋದಿಲ್ಲ.

ಉತ್ತರ ಇದ್ದರೆ ಹೆಂಗಸರ ಬಾಯಲ್ಲಿ ಇದ್ದೀತು. ರಿಚರ್ಡ್ ಈಟನ್ ತಮ್ಮ ವಿಜಾಪುರದ ಸೂಫಿಗಳ ಪುಸ್ತಕದಲ್ಲಿ (1978) ಚಕ್ಕಿನಾಮಾ, ಚರಖಾನಾಮಾಗಳ ಬಗ್ಗೆ ಬರೆದಿದ್ದಾರೆ. ಬೀಸುವಾಗ, ನೂಲುವಾಗ ಹೆಂಗಸರು ಹಾಡುತ್ತಿದ್ದ ದಖನಿ ಹಾಡುಗಳು ಇವು. ಬೀಸುಕಲ್ಲಿನ ಗೂಟ ಅಲಿಫ್ ಅಕ್ಷರದ ಹಾಗೆ ನೆಟ್ಟಗೆ ನಿಂತಿದೆ, ಅದು ಅಲ್ಲಾಹನ ಗುರುತು ಅನ್ನೋ ಥರದ ಹೋಲಿಕೆಗಳು ಅದರಲ್ಲಿವೆ. ಇಸ್ಲಾಮು ಈ ನೆಲದಲ್ಲಿ ಬೇರು ಬಿಟ್ಟದ್ದು ಕತ್ತಿಯ ಕತೆಗಿಂತ ಅಡುಗೆಮನೆಯ ಈ ಹಾಡುಗಳಿಂದಲೇ ಹೆಚ್ಚು ತಿಳಿಯುತ್ತೆ ಅನ್ನೋದು ಅವರ ಓದಿನ ಸಾರ. ದೊಡ್ಡ ಮಾತೇ. ಆದರೆ ನನಗೆ ಒಂದು ತಕರಾರು ಇದೆ. ಈಟನ್ ಆ ಕಲ್ಲಿನಲ್ಲಿ ಧರ್ಮವನ್ನು ಹುಡುಕಿದರು, ಕಲ್ಲಿನೊಳಗಿನ ಜೋಳದ ಕಡೆ ಹೆಚ್ಚು ನೋಡಲಿಲ್ಲ. ಆ ಜೋಳ ಯಾರ ಹೊಲದ್ದು? ಬೀಸಿದ ಹೆಂಗಸಿಗೆ ಆ ಹೊಲದಲ್ಲಿ ಪಾಲಿತ್ತಾ?

ಇಲ್ಲಿಗೆ ಬಂದರೆ ಇದು ಬರೀ ಸಾಹಿತ್ಯದ ಮಾತಾಗಿ ಉಳಿಯೋದಿಲ್ಲ. ಶಜರಾದಲ್ಲಿ ಮಗಳ ಹೆಸರು ಬಿಟ್ಟು ಬರೆಯೋ ಕೈಯೇ ಪಹಣಿಯ ಒಂಬತ್ತನೇ ಕಾಲಮಿನಲ್ಲೂ ಅವಳ ಹೆಸರು ಬಿಡಿಸುತ್ತೆ. ಸೂರೆ ನಿಸಾದಲ್ಲಿ ಹೆಣ್ಣಿಗೆ ಪಾಲು ಇಂತಿಷ್ಟು ಅಂತ ಸ್ಪಷ್ಟವಾಗಿದೆ. ಆದರೂ 1937ರ ಶರೀಅತ್ ಕಾಯ್ದೆ ವ್ಯವಸಾಯದ ಜಮೀನನ್ನು ಹೊರಗಿಟ್ಟಿತು. ಮದ್ರಾಸ್ ಪ್ರಾಂತ 1949ರಲ್ಲಿ ತಿದ್ದುಪಡಿ ಮಾಡಿ ಅದನ್ನೂ ಸೇರಿಸಿಕೊಂಡಿತು. ರೈತರ ಮನೆಯಲ್ಲಿ ಆಸ್ತಿ ಅಂದರೆ ಜಮೀನೇ ತಾನೆ? ಅದನ್ನೇ ಬಿಟ್ಟ ಮೇಲೆ ಉಳಿದದ್ದು ಪಾತ್ರೆಪಗಡೆ.

ಮನೆತನದ ಪುಸ್ತಕಗಳು ಮುಚ್ಚಿಟ್ಟ ಇದನ್ನು ಕತೆಗಾರ್ತಿಯೊಬ್ಬರು ಬಿಚ್ಚಿದರು. ಹಾಸನದ ಬಾನು ಮುಷ್ತಾಕ್ ಅವರ ‘ಬೆಂಕಿ ಮಳೆ’ ಕತೆಯ ಮುತವಲ್ಲಿಗೆ ತಂಗಿ ಬಂದು ಪಾಲು ಕೇಳ್ತಾಳೆ. ಅವನಿಗೆ ಉರಿ ಹತ್ತುತ್ತೆ. ಅಷ್ಟರಲ್ಲಿ ಮುಸಲ್ಮಾನನೊಬ್ಬನ ಹೆಣ ಹಿಂದೂಗಳ ಸ್ಮಶಾನದಲ್ಲಿ ಮಣ್ಣಾಗಿದೆ ಅನ್ನೋ ಸುದ್ದಿ ಬರುತ್ತೆ. ಸರಿ, ಸಾಹೇಬರು ದೀನಿನ ರಕ್ಷಣೆಗೆ ಹೊರಟೇಬಿಟ್ಟರು! ಇದು 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಇಂಗ್ಲಿಷ್ ಸಂಕಲನದಲ್ಲೂ ಇದೆ. ಇದನ್ನು ಸಮಾಜದ ಮರ್ಯಾದೆ ತೆಗೆಯೋ ಕತೆ ಅಂದವರನ್ನು ಕಂಡಿದ್ದೇನೆ. ಓದಿದರೆ ಗೊತ್ತಾಗುತ್ತೆ, ತಂಗಿ ಕೇಳಿದ್ದು ಕುರಾನು ಕೊಟ್ಟದ್ದನ್ನೇ. ಒಂದು ಮನೆಯ ನಿಜವಾದ ತವಾರೀಖು ಹೀಗೆ ಕತೆಯ ವೇಷದಲ್ಲಿ ಬರಬೇಕಾಯಿತು ಅನ್ನೋದೇ ನಮ್ಮ ಚರಿತ್ರೆಕಾರರ ಮೇಲಿನ ದೊಡ್ಡ ಟೀಕೆ.

ಈಗ ನಮ್ಮ ಮಕ್ಕಳಿಗೆ ಮನೆತನದ ಬಗ್ಗೆ ಒಂದು ಪುಟ ಬರೆದು ತನ್ನಿ ಅಂದಾಗ ನಾನು ಶಜರಾ ಕೇಳೋದಿಲ್ಲ, ವಾರಸಾಕ್ಕೆ ಮಾಡಿಸಿದ ವಂಶವೃಕ್ಷ ಮನೆಯಲ್ಲಿದ್ದರೆ ನೋಡಿಕೊಂಡು ಬನ್ನಿ ಅಂತೀನಿ. ಸರ್ಕಾರದ ಆ ಒಣ ಕಾಗದದಲ್ಲಿ ಹೆಣ್ಣುಮಕ್ಕಳ ಹೆಸರು, ವಯಸ್ಸು, ಕೊಟ್ಟ ಊರು ಇರ್ತದೆ. ಅದರ ಬೆನ್ನಿಗೆ ಎಷ್ಟೋ ಮನೆಗಳಲ್ಲಿ ಇನ್ನೊಂದು ಕಾಗದ ಇರ್ತದೆ, ಹಕ್ಕು ಬಿಡುಗಡೆ ಪತ್ರ. ಅದರಲ್ಲೂ ಅಕ್ಕತಂಗಿಯರ ಹೆಸರು ಸಾಲಾಗಿ ಇರ್ತಾವೆ, ಎದುರಿಗೆ ಹೆಬ್ಬೆಟ್ಟು. ಹೋದ ವರ್ಷ ಒಬ್ಬ ಹುಡುಗಿ ಆ ಹೆಸರುಗಳನ್ನೆಲ್ಲ ತನ್ನ ನೋಟ್‌ಬುಕ್ಕಿನಲ್ಲಿ ಬರೆದು, ಒಂದೊಂದರ ಮುಂದೆ ಎಷ್ಟು ಎಕರೆ ಎಷ್ಟು ಗುಂಟೆ ಬಿಟ್ಟುಕೊಟ್ಟರು ಅಂತ ಲೆಕ್ಕ ಹಾಕಿಕೊಂಡು ಬಂದಿದ್ದಳು.