ಕಾರಂಜಿ ಯಾರಿಗೆ?

ಆಫೀಸ್ ಕೆಲಸದ ಮೇಲೆ ಇಟಲಿಗೆ ಹೋದಾಗ ಒಂದು ಭಾನುವಾರ ರೈಲು ಹತ್ತಿ ಬೊಲೋನ್ಯಾ ನೋಡೋಕೆ ಹೋಗಿದ್ದೆ. ಊರಿನ ನಡುವಿನ ಚೌಕದಲ್ಲಿ ನೆಪ್ಚೂನನ ಕಾರಂಜಿ ಇದೆ. ಮಾಸೆರಾಟಿ ಕಾರಿನ ಲೋಗೋದಲ್ಲಿ ಒಂದು ತ್ರಿಶೂಲ ಇರುತ್ತಲ್ಲ, ಅದು ಈ ಮೂರ್ತಿಯ ಕೈಯಿಂದಲೇ ಬಂದಿದ್ದು. ಸುತ್ತಲಿನವರೆಲ್ಲ ಸೆಲ್ಫಿ ತೆಗೀತಿದ್ರು. ಮಾಯಕೊಂಡದಲ್ಲಿ ನಲ್ಲಿ ಮುಂದೆ ಕೊಡ ಸಾಲಿಗಿಟ್ಟು ಬೆಳೆದ ನನಗೆ ಮೊದಲು ಅನ್ನಿಸಿದ್ದು, ಅಯ್ಯೋ, ಇಷ್ಟು ನೀರು ಸುಮ್ನೆ ಹರೀತಿದೆಯಲ್ಲ!

ಕಂಚಿನ ಮೂರ್ತಿಗಳನ್ನು ಮಾಡಿದವನು ಜಾಂಬೊಲೋನ್ಯಾ, 1560ರ ದಶಕದಲ್ಲಿ. ಕೆಲಸ ಮಾತ್ರ ಅದ್ಭುತ. ಸಮುದ್ರದೇವ ಒಂದು ಕೈ ಚಾಚಿ ಅಲೆಗಳಿಗೆ ‘ಸುಮ್ನಿರಿ’ ಅಂದ ಹಾಗಿದೆ. ಮೈ ತಿರುವಿ ನಿಂತಿರೋದರಿಂದ ಸುತ್ತು ಹಾಕಿದಷ್ಟೂ ಹೊಸದಾಗಿ ಕಾಣ್ತಾನೆ. ಕಾಲ ಬಳಿ ನಾಲ್ಕು ಮಕ್ಕಳು, ನಾಲ್ಕು ನದಿಗಳ ಲೆಕ್ಕ: ನೈಲ್, ಡ್ಯಾನ್ಯೂಬ್, ಅಮೆಜಾನ್, ಜೊತೆಗೆ ನಮ್ಮ ಗಂಗೆ! ಖುಷಿ ಆಯ್ತು, ಆಮೇಲೆ ಸ್ವಲ್ಪ ಕಸಿವಿಸಿ. ಆಗ ಊರು ಪೋಪನ ಆಳ್ವಿಕೆಯಲ್ಲಿತ್ತು. ಜಗತ್ತಿನ ನೀರೆಲ್ಲ ನನ್ನ ಮಾತು ಕೇಳುತ್ತೆ ಅನ್ನೋ ಗತ್ತು ಆ ಚಾಚಿದ ಕೈಯಲ್ಲಿದೆ.

ಆದರೂ ಬುಡದಲ್ಲಿ ಲ್ಯಾಟಿನ್‌ನಲ್ಲಿ ಕೆತ್ತಿದ ಮಾತುಗಳ ಅರ್ಥ ಗೊತ್ತಾದಾಗ ಮನಸ್ಸು ಕರಗಿತು: ಚೌಕದ ಅಲಂಕಾರಕ್ಕೆ, ಜನರ ಅನುಕೂಲಕ್ಕೆ, ಸಾರ್ವಜನಿಕರ ಹಣದಿಂದ. ಜನ ಅದನ್ನು ನಂಬಿದರು ಕಣ್ರಿ. ತರಕಾರಿ ತೊಳೆದರು, ಬಟ್ಟೆ ಒಗೆದರು. ಕೊನೆಗೆ ಸುತ್ತ ಕಬ್ಬಿಣದ ಬೇಲಿ ಬಂತು. ಅದನ್ನು ತೆಗೆದದ್ದು 19ನೇ ಶತಮಾನದಲ್ಲಿ.

ಊರಿಗೆ ಬಂದ ಮೇಲೆ ಬೈಕ್ ತಗೊಂಡು ಸಂತೆಬೆನ್ನೂರಿಗೆ ಹೋದೆ. ಪಾಳೇಗಾರ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ, ಅದೂ 16ನೇ ಶತಮಾನದ್ದೇ. ನಡುನೀರಲ್ಲಿ ವಸಂತ ಮಂಟಪ. ಅಲ್ಲೂ ಕಾರಂಜಿ ಚಿಮ್ಮುತ್ತಿತ್ತು ಅಂತಾರೆ ಊರಿನವರು. ದಡದಲ್ಲಿ ಬಿಜಾಪುರದ ರಣದುಲ್ಲಾ ಖಾನನ ಹೆಸರಿನ ಮುಸಾಫಿರ್‌ಖಾನೆ. ಇಲ್ಲಿ ದೇವರೂ ಇಲ್ಲ, ವೀರನೂ ಇಲ್ಲ, ಮಧ್ಯದಲ್ಲಿ ಖಾಲಿ ಮಂಟಪ ಅಷ್ಟೇ. ಬೊಲೋನ್ಯಾದಲ್ಲಿ ಕತ್ತೆತ್ತಿ ನೋಡಬೇಕು, ಇಲ್ಲಿ ಮೆಟ್ಟಿಲಿಳಿದು ನೋಡಬೇಕು. ಇಳಿದಷ್ಟೂ ಮಂಟಪ ಎತ್ತರ ಆಗುತ್ತೆ, ಕೆಳಗೆ ನೀರಲ್ಲಿ ಅದರ ನೆರಳು ಅಲ್ಲಾಡುತ್ತೆ. ಶಿಲ್ಪವಾಗಿ ಹೆಚ್ಚು ಇಷ್ಟವಾಗಿದ್ದು ಇದೇ. ನೀರನ್ನು ಆಳೋಕೆ ಹೋಗಿಲ್ಲ, ನಮ್ಮನ್ನ ನೀರಿನ ಹತ್ತಿರ ಕರೆಯುತ್ತೆ.

‘ನಮ್ಮದೇ ಗ್ರೇಟ್’ ಅಂತ ಬರೆದು ಮುಗಿಸಬಹುದಿತ್ತು. ಮನೆಗೆ ಬಂದು ಅಜ್ಜಿಗೆ ಎರಡೂ ಫೋಟೋ ತೋರಿಸಿದೆ. ಬೊಲೋನ್ಯಾದ ಬೇಲಿ ಕತೆ ಕೇಳಿ ನಕ್ಕಳು. ಪುಷ್ಕರಣಿ ನೋಡಿ, “ಮೆಟ್ಲೇನೋ ಚೆಂದ ಅದಾವಪ್ಪ. ಆಗ ಯಾರ್ನ ಇಳಿಯಾಕ ಬಿಡ್ತಿದ್ರು?” ಅಂದಳು.

ನನ್ನತ್ರ ಉತ್ತರ ಇರಲಿಲ್ಲ. ಈ ದೇಶದಲ್ಲಿ ಕೆರೆಯ ನೀರು ಮುಟ್ಟೋಕೆ 1927ರಲ್ಲಿ ಮಹಾಡ್‌ನಲ್ಲಿ ಅಂಬೇಡ್ಕರ್ ಸತ್ಯಾಗ್ರಹ ಮಾಡಬೇಕಾಯ್ತು. ಬೊಲೋನ್ಯಾದ ಬೇಲಿ ಕಣ್ಣಿಗೆ ಕಾಣುತ್ತಿತ್ತು, ಹಾಗಾಗಿ ಒಂದಿನ ಬಿಚ್ಚಿ ಹಾಕಿದರು. ನಮ್ಮ ಮೆಟ್ಟಿಲಿನ ಮೇಲೆ ಬೇಲಿ ಕಾಣೋದಿಲ್ಲ. ಈಗಲೂ ಆ ಪುಷ್ಕರಣಿ ನನಗೆ ಅಷ್ಟೇ ಇಷ್ಟ. ಆದರೆ ಮುಂದಿನ ಸಲ ಹೋದಾಗ ಅಜ್ಜಿಯನ್ನೂ ಕರ್ಕೊಂಡು ಹೋಗಬೇಕು, ಅವಳ ಕೈ ಹಿಡಿದು ಕೊನೇ ಮೆಟ್ಟಿಲವರೆಗೂ ಇಳೀಬೇಕು.